ಹೆಬ್ಬೆಯಿಂದ ಮೈಸೂರಿಗೆ: ದಸರಾ ಮುಗಿದ ಮೇಲೆ ಸರ್ಕಾರ ಲೆಕ್ಕ ಒಪ್ಪಿಸ್ತಿದ್ದ ಕಾಲ

ಫೋನ್ ಕೈಯಲ್ಲೇ ಇದ್ರೆ ಒಂದ್ಸಲ ಮ್ಯಾಪ್ ತೆಗೆದು ಕೆಮ್ಮಣ್ಣುಗುಂಡಿ ಅಂತ ಹುಡುಕಿ. ಬಾಬಾಬುಡನ್‌ಗಿರಿ ಸಾಲಿನ ಉತ್ತರದ ಕಡೆ, ಹಸಿರು ಬಿಟ್ಟರೆ ಬೇರೇನೂ ಕಾಣದ ಜಾಗದಲ್ಲಿ, ಹೆಬ್ಬೆ ಅಂತ ಒಂದು ಹೆಸರು ಸಿಗುತ್ತೆ. ನಿಮ್ಮಲ್ಲಿ ಬಹಳ ಜನಕ್ಕೆ ಅದು ಜಲಪಾತದ ಹೆಸರು. ಜೀಪಲ್ಲಿ ಕುಲುಕಾಡ್ಕೊಂಡು ಹೋಗಿ, ಹಳ್ಳ ದಾಟಿ, ದೊಡ್ಡ ಹೆಬ್ಬೆ ಚಿಕ್ಕ ಹೆಬ್ಬೆ ಅಂತ ಎರಡು ಹಂತದಲ್ಲಿ ಬೀಳೋ ನೀರಿನ ಮುಂದೆ ನಿಂತು ರೀಲ್ಸ್ ಮಾಡಿ ಬಂದಿರ್ತೀರಿ. ನಾನೂ ಹೋಗಿದ್ದೇನೆ.

ಇವತ್ತಿನ ಸಂಚಿಕೆ ಜಲಪಾತದ ಬಗ್ಗೆ ಅಲ್ಲ, ಶಾಸನಸಭೆಯ ಬಗ್ಗೆ. ಹೆಬ್ಬೆಯನ್ನ ಯಾಕೆ ಹಿಡ್ಕೊಂಡೆ ಅಂದ್ರೆ, ಶಾಸನಸಭೆಯ ಇತಿಹಾಸ ಹೇಳುವವರೆಲ್ಲ ಸಭಾಂಗಣದ ಒಳಗಿಂದ ಶುರು ಮಾಡ್ತಾರೆ: ಯಾರು ಅಧ್ಯಕ್ಷರು, ಯಾರು ಎಲ್ಲಿ ಕೂತ್ರು, ಯಾವ ರುಮಾಲು, ಯಾವ ಸಲಾಮು. ನನಗೆ ಅದನ್ನ ಇನ್ನೊಂದು ತುದಿಯಿಂದ ನೋಡಬೇಕು ಅನ್ನಿಸ್ತು. ಈ ಗುಡ್ಡದ ಬುಡದ ತರೀಕೆರೆ ಸೀಮೆಯ ಒಬ್ಬ ರೈತನಿಗೆ 1881ರಲ್ಲಿ 'ಮೈಸೂರಿಗೆ ಬನ್ನಿ, ಸರ್ಕಾರದ ಲೆಕ್ಕ ಕೇಳಿ' ಅಂತ ಕರೆ ಬಂದ್ರೆ ಅದು ಏನಾಗಿತ್ತು? ಮರ್ಯಾದೆಯೋ, ಬರೀ ಮೆರವಣಿಗೆಯೋ, ಅಥವಾ ನಿಜಕ್ಕೂ ಮಾತಾಡೋಕೆ ಒಂದು ಅವಕಾಶವೋ?

ಮೊದಲು ಇವತ್ತಿನ ಪದ್ಧತಿ ನೋಡೋಣ. ಪ್ರತಿ ವರ್ಷದ ಮೊದಲ ಅಧಿವೇಶನದ ದಿನ ರಾಜ್ಯಪಾಲರು ವಿಧಾನಸೌಧಕ್ಕೆ ಬರ್ತಾರೆ. ವಿಧಾನಸಭೆ, ವಿಧಾನ ಪರಿಷತ್ತು, ಎರಡೂ ಸದನದವರು ಒಂದೇ ಕಡೆ ಕೂತಿರ್ತಾರೆ. ಇದು ಜಂಟಿ ಅಧಿವೇಶನ. ರಾಜ್ಯಪಾಲರು 'ನನ್ನ ಸರ್ಕಾರ' ಅಂತ ಓದ್ತಾ ಹೋಗ್ತಾರೆ. ಆ ಭಾಷಣ ಬರೆದಿದ್ದು ಅವರಲ್ಲ, ಮಂತ್ರಿಮಂಡಲ. ಸಂವಿಧಾನದ 176ನೇ ವಿಧಿ ಹೇಳೋದು ಇದನ್ನೇ: ಎರಡೂ ಸದನ ಸೇರಿದ ಸಭೆಗೆ ರಾಜ್ಯಪಾಲರು ಭಾಷಣ ಮಾಡಬೇಕು, ಸದನವನ್ನ ಕರೆದಿದ್ದು ಯಾಕೆ ಅಂತ ತಿಳಿಸಬೇಕು. ಆಮೇಲೆ ಆ ಭಾಷಣದ ಮೇಲೆ ಸದನಗಳು ಚರ್ಚೆ ಮಾಡ್ತವೆ.

ಓದೋರು ಒಬ್ಬರು, ಬರೆದೋರು ಇನ್ನೊಬ್ಬರು, ಕೇಳೋರು ಮತ್ತೊಬ್ಬರು. ವಿಚಿತ್ರ ಅನ್ನಿಸಲ್ವಾ? ಇದರ ಬೇರು ಲಂಡನ್ನಿನಲ್ಲಿದೆ ಅಂತ ಪಠ್ಯಪುಸ್ತಕ ಹೇಳುತ್ತೆ. ಸುಳ್ಳಲ್ಲ. ಅಲ್ಲಿ ರಾಜನೋ ರಾಣಿಯೋ ಮೇಲ್ಮನೆಯಲ್ಲಿ ಸಿಂಹಾಸನದ ಮೇಲೆ ಕೂತು, ಕೆಳಮನೆಯವರನ್ನ ಕರೆಯೋಕೆ ಒಬ್ಬ ಅಧಿಕಾರಿಯನ್ನ ಕಳಿಸ್ತಾರೆ. ಅವನು ಹತ್ತಿರ ಬರ್ತಿದ್ದ ಹಾಗೇ ಕೆಳಮನೆಯವರು ಮುಖದ ಮೇಲೆ ಬಾಗಿಲು ಹಾಕ್ತಾರೆ. ಅವನು ಕೋಲಿಂದ ಮೂರು ಸಲ ಬಡಿದ ಮೇಲೆ ಬಾಗಿಲು ತೆಗೀತಾರೆ. ನಿನ್ನ ಅಪ್ಪಣೆಗೆ ನಾವು ಕಾದು ಕೂತಿಲ್ಲ ಅಂತ ತೋರಿಸೋ ಆಟ ಅದು. ಆಟ ಆದ್ರೂ ಅರ್ಥ ಇರೋ ಆಟ.

ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ಆ ಲಂಡನ್ ಆಚರಣೆ ಹೇಗೆ ನಡೀತಿತ್ತು ಗೊತ್ತಾ? 1861ರ ಡಿಸೆಂಬರಲ್ಲಿ ವಿಕ್ಟೋರಿಯಾ ರಾಣಿಯ ಗಂಡ ತೀರಿಕೊಂಡ. ಆಮೇಲೆ 1866ರವರೆಗೆ ಆಕೆ ಪಾರ್ಲಿಮೆಂಟಿನ ಉದ್ಘಾಟನೆಗೆ ಕಾಲಿಡಲಿಲ್ಲ. ಅದಾದ ಮೇಲೂ ಬಂದಿದ್ದು ಬೆರಳೆಣಿಕೆಯ ಸಲ, ಕೊನೆಯದು 1886ರಲ್ಲಿ. ಬಂದ್ರೂ ಭಾಷಣ ತಾನು ಓದ್ತಿರಲಿಲ್ಲ, ಪಕ್ಕದಲ್ಲಿ ಲಾರ್ಡ್ ಚಾನ್ಸೆಲರ್ ಓದ್ತಿದ್ರು. ಅರ್ಧ ಪ್ರಪಂಚ ಆಳ್ತಿದ್ದ ಸರ್ಕಾರದ ವರ್ಷದ ದೊಡ್ಡ ಸಮಾರಂಭದಲ್ಲಿ ಸಿಂಹಾಸನ ಬಹಳ ಸಲ ಖಾಲಿ.

ಅಮೆರಿಕದಲ್ಲಿ ಇನ್ನೊಂದು ತರ. ಅಲ್ಲಿನ ಮೂರನೇ ಅಧ್ಯಕ್ಷ ಜೆಫರ್ಸನ್ 1801ರಲ್ಲಿ, ಎರಡೂ ಸದನದ ಮುಂದೆ ನಿಂತು ಭಾಷಣ ಮಾಡೋದು ರಾಜರ ಚಾಳಿ ಅಂತ ಹೇಳಿ, ಬರೆದು ಕಳಿಸಿಬಿಟ್ಟ. ಅಲ್ಲಿಂದ 1913ರಲ್ಲಿ ವಿಲ್ಸನ್ ಬರೋವರೆಗೆ ಯಾವ ಅಧ್ಯಕ್ಷನೂ ವರ್ಷದ ವರದಿಯನ್ನ ತಾನೇ ಬಂದು ಓದಲಿಲ್ಲ. ಗುಮಾಸ್ತರು ಓದ್ತಿದ್ರು. ಇಡೀ ಆ ಶತಮಾನದಲ್ಲಿ ಅವರ ಜಂಟಿ ಅಧಿವೇಶನ ಅಂದ್ರೆ ಮುಖ್ಯವಾಗಿ ಅಧ್ಯಕ್ಷರ ಚುನಾವಣೆಯ ಮತ ಎಣಿಕೆ, ಇಲ್ಲಾ ಶ್ರದ್ಧಾಂಜಲಿ. 1866ರ ಫೆಬ್ರವರಿ 12ಕ್ಕೆ, ಲಿಂಕನ್ ಹುಟ್ಟಿದ ದಿನ, ಎರಡೂ ಸದನ ಸೇರಿ ಅವನನ್ನ ನೆನೆದಿದ್ದು ಅಂಥದ್ದೇ ಒಂದು ಸಭೆ.

ಈಗ ನಮ್ಮ ಕಡೆಗೆ ಬರೋಣ. ಹೆಬ್ಬೆಯ ಗುಡ್ಡ ಇಳಿದು ಬಯಲಿಗೆ.

ತರೀಕೆರೆಯಿಂದ ಉತ್ತರಕ್ಕೆ ಚನ್ನಗಿರಿ ತಾಲ್ಲೂಕಿನಲ್ಲಿ ಬಸವಾಪಟ್ಟಣ ಅಂತ ಊರಿದೆ. 1830ರಲ್ಲಿ ಅಲ್ಲಿ ರೈತರು ಸೇರಿದ್ರು. ಯಾರೂ ಅಧಿಕೃತವಾಗಿ ಕರೆದಿದ್ದಲ್ಲ, ತಾವೇ ಸೇರಿದ್ದು. ಅದಕ್ಕೆ ಅವರು ಇಟ್ಟ ಹೆಸರು 'ಕೂಟ'. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲ. ಕಂದಾಯ ವಸೂಲಿಗೆ ಅಮಲ್ದಾರರ ಜೊತೆ ಶರತ್ತು ಮಾಡ್ಕೊಳ್ಳೋ ಪದ್ಧತಿ ಇತ್ತು. ಅಂದ್ರೆ, ಇಷ್ಟು ಹಣ ತಂದುಕೊಡ್ತೀನಿ ಅಂತ ಅಮಲ್ದಾರ ಒಪ್ಪಿಕೊಳ್ಳಬೇಕು. ಒಪ್ಪಿಕೊಂಡ ಮೇಲೆ ಮಳೆ ಬರಲಿ ಬಿಡಲಿ, ಅವನು ರೈತನ ಕುತ್ತಿಗೆ ಹಿಡಿದಾದ್ರೂ ತಂದುಕೊಡಬೇಕು. ಇದರ ವಿರುದ್ಧ ನಗರದ ಸೀಮೆಯ ರೈತರು ಎದ್ರು. ನಗರ ಅಂದ್ರೆ ಸಿಟಿ ಅಲ್ಲ, ಹೊಸನಗರದ ಹತ್ತಿರ ಇರೋ ಊರು, ಹಳೇ ಬಿದನೂರು. ಕಂದಾಯ ಕಟ್ಟಲ್ಲ ಅಂದ್ರು. ಊರಿಂದ ಊರಿಗೆ ಸುದ್ದಿ ಹೋಯ್ತು, ಕೂಟದ ಮೇಲೆ ಕೂಟ ಸೇರಿತು.

ಆ ಬೆಂಕಿ ತರೀಕೆರೆಗೂ ತಾಗಿತು. ತರೀಕೆರೆ ಪಾಳೆಯಗಾರರ ಮನೆತನದ ಹಿರಿಯ ರಂಗಪ್ಪ ನಾಯಕ ಮೈಸೂರಿಂದ ತಪ್ಪಿಸಿಕೊಂಡು ಬಂದು ದಂಗೆಯವರ ಜೊತೆ ಸೇರಿದ. ಆಮೇಲೆ ಮೈಸೂರಿನ ಪಡೆ, ಕಂಪನಿಯ ಪಡೆ ಎರಡೂ ಬಂದವು. ದಂಗೆ ಅಡಗಿತು. ಆದರೆ ಅದನ್ನೇ ನೆಪ ಮಾಡ್ಕೊಂಡು ಗವರ್ನರ್ ಜನರಲ್ ಬೆಂಟಿಂಕ್ 1831ರಲ್ಲಿ ಮೈಸೂರಿನ ಆಡಳಿತವನ್ನೇ ರಾಜರ ಕೈಯಿಂದ ತಗೊಂಡುಬಿಟ್ಟ. ತರೀಕೆರೆಯ ಸರ್ಜಾ ಹನುಮಪ್ಪ ನಾಯಕ ಮಾತ್ರ ಇನ್ನೂ ಕೆಲವು ವರ್ಷ ಸಿಗಲಿಲ್ಲ. ಅವನನ್ನ 1834ರಲ್ಲಿ ಗಲ್ಲಿಗೇರಿಸಿದ್ರು. ಈ ಗುಡ್ಡ, ಈ ಕಣಿವೆ, ಈ ಹಳ್ಳಗಳು ಹಾಗೆ ಅವಿತುಕೊಳ್ಳೋಕೆ ಎಷ್ಟು ಅನುಕೂಲ ಅಂತ ಹೆಬ್ಬೆ ದಾರಿ ನೋಡಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ನಾನು ಈ ಕೂಟದ ಕಥೆಯನ್ನ ಮೊದಲು ಹೇಳಿದ್ದಕ್ಕೆ ಕಾರಣ ಇದೆ. ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಅಂದ ತಕ್ಷಣ 'ದೊಡ್ಡ ಮನಸ್ಸಿನ ಅರಸರು, ದೂರದೃಷ್ಟಿಯ ದಿವಾನರು ಜನಕ್ಕೆ ಕೊಟ್ಟ ಕೊಡುಗೆ' ಅಂತ ಶುರುವಾಗುತ್ತೆ. ದಿವಾನರು ದೂರದೃಷ್ಟಿಯವರೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಇಲ್ಲಿನ ರೈತರಿಗೆ ಸಭೆ ಸೇರೋದು ಹೇಗೆ ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಸರ್ಕಾರ ಕರೆಯೋಕೆ ಐವತ್ತು ವರ್ಷ ಮುಂಚೆನೇ ಅವರು ತಾವಾಗಿ ಸೇರಿದ್ರು, ಅದಕ್ಕೆ ಬೆಲೆನೂ ಕೊಟ್ಟಿದ್ರು.

ಐವತ್ತು ವರ್ಷ ಬ್ರಿಟಿಷ್ ಕಮಿಷನರುಗಳು ಆಳಿದ್ರು. ಆ ಕಾಲದ ಕೊನೆಗೆ ಬಂದಿದ್ದು 1876ರಿಂದ 78ರ ಬರ. ಅದರ ಬಗ್ಗೆ ಎರಡು ಅಂಕಿ ಹೇಳ್ತೀನಿ. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ 55 ಸಾವಿರ. ಹತ್ತು ವರ್ಷ ಆದ ಮೇಲೆ, 1881ರಲ್ಲಿ, ಸುಮಾರು 41 ಲಕ್ಷ 86 ಸಾವಿರ. ಹತ್ತು ವರ್ಷದಲ್ಲಿ ಜನಸಂಖ್ಯೆ ಹೆಚ್ಚಬೇಕು ತಾನೇ? ಇಲ್ಲಿ ಎಂಟು ಲಕ್ಷಕ್ಕೂ ಮೇಲೆ ಕಡಿಮೆ ಆಗಿದೆ.

ಆ ಬರ ನಡೀತಿದ್ದಾಗಲೇ, 1877ರ ಜನವರಿ 1ಕ್ಕೆ, ವೈಸರಾಯ್ ಲಿಟ್ಟನ್ ದಿಲ್ಲಿಯಲ್ಲಿ ದೊಡ್ಡ ದರ್ಬಾರು ನಡೆಸಿ ವಿಕ್ಟೋರಿಯಾ ಇನ್ನು ಮುಂದೆ ಭಾರತದ ಚಕ್ರವರ್ತಿನಿ ಅಂತ ಸಾರಿದ. ಆನೆ, ತೋಪು, ಬಾವುಟ, ರಾಜರುಗಳ ಸಾಲು. ದಕ್ಷಿಣದಲ್ಲಿ ಜನ ಗಂಜಿಕೇಂದ್ರದ ಮುಂದೆ ಸಾಯ್ತಿದ್ರು. ಹತ್ತೊಂಬತ್ತನೇ ಶತಮಾನದ ರಾಜಕೀಯ ಸಮಾರಂಭಗಳಲ್ಲಿ ಇಷ್ಟು ಕೆಟ್ಟದ್ದನ್ನ ನಾನು ಇನ್ನೊಂದು ಓದಿಲ್ಲ. ಅಲ್ಲಿ ಬಂದೋರ ಕೆಲಸ ನೋಡೋದು, ತಲೆ ಬಾಗೋದು. ಕೇಳೋಕೆ ಏನೂ ಇರಲಿಲ್ಲ, ಹೇಳೋಕಂತೂ ಇರಲೇ ಇಲ್ಲ.

ಈ ಹಿನ್ನೆಲೆ ತಲೆಯಲ್ಲಿಟ್ಕೊಂಡು 1881ಕ್ಕೆ ಬನ್ನಿ. ಮಾರ್ಚ್ 25ಕ್ಕೆ ಬ್ರಿಟಿಷರು ಮೈಸೂರನ್ನ ಒಡೆಯರ ಮನೆತನಕ್ಕೆ ವಾಪಸ್ ಕೊಟ್ರು. ಹತ್ತನೇ ಚಾಮರಾಜೇಂದ್ರ ಒಡೆಯರಿಗೆ ಆಗ ವಯಸ್ಸು 18. ಇದನ್ನ ಕೇಳ್ತಿರೋ ಕೆಲವರ ವಯಸ್ಸೇ. ದಿವಾನರಾಗಿ ನಿಂತವರು ಸಿ. ರಂಗಾಚಾರ್ಲು. ವಾಪಸ್ ಸಿಕ್ಕಿದ್ದು ಬರದಲ್ಲಿ ಬರಿದಾದ ರಾಜ್ಯ, ಜೊತೆಗೆ ಬರದ ಕಾಲದ 80 ಲಕ್ಷ ರೂಪಾಯಿ ಸಾಲ. ಬ್ರಿಟಿಷರಿಗೆ ವರ್ಷ ವರ್ಷ ಕಟ್ಟೋ ಪೊಗದಿ ಬೇರೆ. ರಂಗಾಚಾರ್ಲು ಸಿಕ್ಕ ಸಿಕ್ಕಲ್ಲಿ ಖರ್ಚು ಕಡಿತ ಮಾಡಬೇಕಿತ್ತು. ಕಡಿತ ಮಾಡೋ ಸರ್ಕಾರ ಜನರ ಮುಂದೆ ಬಂದು ವಿವರಣೆ ಕೊಡೋದಕ್ಕೆ ಹೆದರುತ್ತೆ ಅಂತ ನಾವು ಅಂದ್ಕೋತೀವಿ. ಇವರು ಉಲ್ಟಾ ಮಾಡಿದ್ರು.

1881ರ ಆಗಸ್ಟ್ 25ಕ್ಕೆ ಒಂದು ಸರ್ಕಾರಿ ಆದೇಶ ಹೊರಟಿತು. ಸಾರಾಂಶ ಇಷ್ಟು: ವರ್ಷಕ್ಕೊಮ್ಮೆ, ದಸರಾ ಮುಗಿದ ಕೂಡಲೇ, ಮೈಸೂರಲ್ಲಿ ಒಂದು ಸಭೆ. ಜಿಲ್ಲೆಯ ಲೋಕಲ್ ಫಂಡ್ ಬೋರ್ಡುಗಳು ಪ್ರತಿ ತಾಲ್ಲೂಕಿಂದ ಒಬ್ಬಿಬ್ಬರು ಸಾಗುವಳಿ ಮಾಡೋ ಜಮೀನುದಾರರನ್ನ, ಜೊತೆಗೆ ಜಿಲ್ಲೆಯಿಂದ ಮೂರು ನಾಲ್ಕು ಜನ ವರ್ತಕರನ್ನ ಕಳಿಸಬೇಕು. ಸರ್ಕಾರ ಹಿಂದಿನ ವರ್ಷ ಏನು ಮಾಡಿತು, ಮುಂದಿನ ವರ್ಷ ಏನು ಮಾಡುತ್ತೆ ಅಂತ ದಿವಾನರು ಅವರಿಗೆ ಹೇಳ್ತಾರೆ. ಅವರು ತಮ್ಮ ಕಡೆಯ ಕಷ್ಟ ಹೇಳಬಹುದು.

ದಸರಾನೇ ಯಾಕೆ? ಇಲ್ಲೇ ಆ ಆದೇಶದ ಜಾಣತನ ಇರೋದು. 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ಶುರು ಮಾಡಿದಾಗಿಂದ ದಸರಾ ಅಂದ್ರೆ ಒಡೆಯರ ಒಡ್ಡೋಲಗ. ನಾಡಿನ ಗಣ್ಯರು ಅರಮನೆಗೆ ಬರ್ತಾರೆ, ರಾಜರ ದರ್ಶನ ಮಾಡ್ತಾರೆ, ನಜರು ಒಪ್ಪಿಸ್ತಾರೆ. ಜನಕ್ಕೆ ಆ ದಾರಿ ಗೊತ್ತು, ಆ ಹಬ್ಬ ಗೊತ್ತು. ರಂಗಾಚಾರ್ಲು ಹೊಸದೊಂದು ರಾಜಕೀಯ ಪದ್ಧತಿಯನ್ನ ಹಳೇ ಹಬ್ಬದ ಬಾಲಕ್ಕೆ ಕಟ್ಟಿಬಿಟ್ರು. ಪಾರ್ಲಿಮೆಂಟು ಅಂದಿದ್ರೆ ಬ್ರಿಟಿಷರ ಹುಬ್ಬು ಮೇಲೆ ಹೋಗ್ತಿತ್ತು. ದಸರಾ ಸಭೆ ಅಂದ್ರೆ ಯಾರಿಗೂ ಏನೂ ಅನ್ನಿಸಲ್ಲ. ಮುಂದೆ ಜನ ಅದನ್ನ ಕರೆದಿದ್ದೂ ಹಾಗೇ, ದಸರಾ ಪ್ರಜಾಪ್ರತಿನಿಧಿ ಸಭೆ.

ಈಗ ತರೀಕೆರೆಯಿಂದ ಹೊರಡೋಣ. ಆಗ ಇದು ಕಡೂರು ಜಿಲ್ಲೆ. ಚಿಕ್ಕಮಗಳೂರು ಜಿಲ್ಲಾ ಕೇಂದ್ರ ಆಗಿದ್ರೂ ಜಿಲ್ಲೆಯ ಹೆಸರು ಕಡೂರೇ. ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾಗಿದ್ದು ಮೊನ್ನೆ ಮೊನ್ನೆ. ಆಗ ಅದೂ ತರೀಕೆರೆಗೇ ಸೇರಿತ್ತು. ರೈಲು? ಇಲ್ಲ ಮಾರಾಯ್ರೆ. ಬೆಂಗಳೂರು–ಮೈಸೂರು ರೈಲೇ ಪೂರ್ತಿ ಆಗಿದ್ದು ಮಾರನೇ ವರ್ಷ, 1882ರಲ್ಲಿ. ಬೀರೂರಿನ ಮೇಲೆ ಹರಿಹರಕ್ಕೆ ರೈಲು ಬರೋ ಹೊತ್ತಿಗೆ 1889. ತರೀಕೆರೆಗೆ ರೈಲು ಸಿಕ್ಕಿದ್ದು ಬೀರೂರು–ಶಿವಮೊಗ್ಗ ದಾರಿ ತೆರೆದ ಮೇಲೆ, 1899ರಲ್ಲಿ. ಅಂದ್ರೆ ಮೊದಲ ಸಭೆಗೆ ಈ ಕಡೆಯವರು ಹೋಗಬೇಕಾಗಿದ್ದು ಎತ್ತಿನ ಗಾಡಿಯಲ್ಲಿ, ಇಲ್ಲಾ ಕುದುರೆ ಮೇಲೆ.

ತರೀಕೆರೆಯಿಂದ ಮೈಸೂರಿಗೆ ಇನ್ನೂರು ಕಿಲೋಮೀಟರಿಗೂ ಮೇಲೆ. ಗಾಡಿ ದಿನಕ್ಕೆ ಇಪ್ಪತ್ತೈದು ಕಿಲೋಮೀಟರು ಹೋಗುತ್ತೆ ಅಂತ ಇಟ್ಕೊಳ್ಳಿ, ಇದು ನನ್ನ ಲೆಕ್ಕ. ಎಂಟೊಂಬತ್ತು ದಿನ. ಹೋಗೋಕೆ ಅಷ್ಟು, ಬರೋಕೆ ಅಷ್ಟು, ನಡುವೆ ಮೈಸೂರಲ್ಲಿ ಕೆಲವು ದಿನ. ಮುಂಗಾರು ಮುಗೀತಿರೋ ಕಾಲ, ಹಳ್ಳಗಳಲ್ಲಿ ಇನ್ನೂ ನೀರು, ಗದ್ದೆಯಲ್ಲಿ ಪೈರು. ಹೆಚ್ಚು ಕಮ್ಮಿ ಮೂರು ವಾರ ಮನೆ ಬಿಟ್ಟಿರಬೇಕು. ಯಾರಿಗೆ ಆಗುತ್ತೆ? ಆಳುಕಾಳು ಇದ್ದವನಿಗೆ. ಮನೆಯಲ್ಲಿ ದುಡಿಯೋಕೆ ಅಣ್ಣತಮ್ಮಂದಿರು ಇದ್ದವನಿಗೆ. ಹೆಬ್ಬೆ ಕಣಿವೆಯ ಕಾಫಿ ತೋಟದ ಆಳಿಗೆ ಆಗಲ್ಲ. ಕೂಲಿಯವನಿಗೆ ಒಂದು ದಿನ ತಪ್ಪಿದ್ರೆ ಅವತ್ತಿನ ಊಟ ತಪ್ಪಿದ ಹಾಗೆ. ಆದೇಶದಲ್ಲಿ ಬರೆದಿದ್ದ ಅರ್ಹತೆಗಿಂತ ಈ ದಾರಿಯೇ ದೊಡ್ಡ ಜರಡಿ ಅಂತ ನನಗನ್ನಿಸುತ್ತೆ.

1881ರ ಅಕ್ಟೋಬರ್ 7, ಶುಕ್ರವಾರ. ವಿಜಯದಶಮಿ ಕಳೆದು ಹುಣ್ಣಿಮೆಯ ಆಸುಪಾಸು. ಮೈಸೂರಲ್ಲಿ 144 ಜನ ಸೇರಿದ್ರು. ರಂಗಾಚಾರ್ಲು ಮಹಾರಾಜರ ಹೆಸರಲ್ಲಿ ಸ್ವಾಗತ ಮಾಡಿ ಭಾಷಣ ಶುರು ಮಾಡಿದ್ರು. ಭಾಷಣದಲ್ಲಿ ಇದ್ದಿದ್ದು ಪ್ರಶಸ್ತಿ ಪದ್ಯ ಅಲ್ಲ. ಆದಾಯ, ಖರ್ಚು, ಸಾಲ, ರೈಲು. ಬರದಲ್ಲಿ ಬದುಕಿ ಉಳಿದ ಜನರ ಮುಂದೆ, ಬರ ಮುಗಿದು ಮೂರೇ ವರ್ಷಕ್ಕೆ, ಸರ್ಕಾರ ತನ್ನ ಕಿಸೆ ತೆಗೆದು ತೋರಿಸಿತು. ಬ್ರಿಟಿಷ್ ಇಂಡಿಯಾದಲ್ಲಿ ಆಗ ಇದ್ದ ಶಾಸನ ಪರಿಷತ್ತುಗಳಲ್ಲಿ ಸರ್ಕಾರವೇ ಆರಿಸಿ ಕೂರಿಸಿದ ಕೆಲವೇ ಭಾರತೀಯರು. ಕಾಂಗ್ರೆಸ್ ಹುಟ್ಟೋಕೆ ಇನ್ನೂ ನಾಲ್ಕು ವರ್ಷ ಇತ್ತು. ಭಾರತದ ಸಂಸ್ಥಾನಗಳಲ್ಲಿ ಇಂಥದ್ದು ಇದೇ ಮೊದಲು.

ಆದರೆ ಉತ್ಸಾಹದಲ್ಲಿ ಇದನ್ನ ಪಾರ್ಲಿಮೆಂಟು ಅಂತ ಕರೆಯೋದು ಬೇಡ. ಒಂದು ಕಾನೂನು ಮಾಡೋ ಅಧಿಕಾರ ಈ ಸಭೆಗೆ ಇರಲಿಲ್ಲ. ಬಜೆಟ್ಟಿಗೆ ಮತ ಹಾಕೋ ಹಾಗಿಲ್ಲ. ದಿವಾನರನ್ನ ಇಳಿಸೋದಂತೂ ದೂರದ ಮಾತು. ಜಂಟಿ ಅಧಿವೇಶನ ಅನ್ನೋಕೆ ಎರಡನೇ ಸದನವೇ ಇರಲಿಲ್ಲ, ಅದು ಬಂದಿದ್ದು 1907ರಲ್ಲಿ, ಶಾಸನ ಪರಿಷತ್ತು ಅನ್ನೋ ಹೆಸರಲ್ಲಿ. ಇಲ್ಲಿ ನಡೀತಿದ್ದ ಕೆಲಸ ಎರಡೇ: ಕೇಳೋದು, ಹೇಳೋದು. ನಿಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ, ದಿಲ್ಲಿ ದರ್ಬಾರು ಕಾಮೆಂಟ್ ಆಫ್ ಮಾಡಿದ ಪೋಸ್ಟು. ಮೈಸೂರಿನ ಸಭೆಯಲ್ಲಿ ಕಾಮೆಂಟ್ ಆನ್ ಇತ್ತು, ಆದರೆ ಪೋಸ್ಟನ್ನ ಬದಲಾಯಿಸೋಕೆ ಆಗ್ತಿರಲಿಲ್ಲ.

ಹಾಗಾದ್ರೆ ಉಪಯೋಗ ಏನು ಅಂತ ಕೇಳಿದ್ರೆ, ನನ್ನ ಉತ್ತರ: ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಲೇಬೇಕು ಅನ್ನೋ ರೂಢಿ ಸಣ್ಣ ವಿಷಯ ಅಲ್ಲ. ದಸರಾವನ್ನ ರದ್ದು ಮಾಡೋಕೆ ಆಗಲ್ಲ. ಹಾಗಾಗಿ ದಸರಾಗೆ ಕಟ್ಟಿದ ಭಾಷಣವನ್ನೂ ಸುಲಭಕ್ಕೆ ರದ್ದು ಮಾಡೋಕೆ ಆಗಲ್ಲ. ರಂಗಾಚಾರ್ಲು 1883ರ ಜನವರಿಯಲ್ಲಿ ತೀರಿಕೊಂಡ್ರು. ಸಭೆ ನಿಲ್ಲಲಿಲ್ಲ. ಮುಂದೆ ದಿವಾನರಾದ ಕೆ. ಶೇಷಾದ್ರಿ ಅಯ್ಯರ್ ಹದಿನೆಂಟು ವರ್ಷ ದಸರಾ ಭಾಷಣ ಮಾಡಿದ್ರು. ಅವರ ಸ್ವಭಾವ ಜನರ ಮಾತಿಗೆ ಬೇಗ ಬಗ್ಗೋದಲ್ಲ. ಆದ್ರೂ ಪ್ರತಿ ವರ್ಷ ಬಂದು ನಿಂತು ಕೋಲಾರದ ಚಿನ್ನದಿಂದ ಎಷ್ಟು ಬಂತು, ರೈಲು ಎಲ್ಲಿವರೆಗೆ ಆಯ್ತು, ಮಳೆ ಹೇಗಾಯ್ತು ಅಂತ ಹೇಳಲೇಬೇಕಿತ್ತು. ಎಲ್ಲ ಅಚ್ಚಾಗ್ತಿತ್ತು. 1881ರಿಂದ 1899ರವರೆಗಿನ ದಿವಾನರ ಭಾಷಣಗಳನ್ನ ಸೇರಿಸಿ ಒಂದು ಸಂಪುಟವೇ ಬಂದಿದೆ. ಆ ಕಾಲದ ಮೈಸೂರಿನ ಬಗ್ಗೆ ಏನೇ ಬರೆಯೋರಿದ್ರೂ ಅದನ್ನ ಮುಟ್ಟದೆ ಆಗಲ್ಲ.

ಭಾಷಣ ಮುಗಿದ ಮೇಲೆ ಸದಸ್ಯರ ಸರದಿ. ಅವರು ತಂದಿದ್ದೆಲ್ಲ ಊರಿನ ವಿಷಯ. ಕೆರೆ ಏರಿ ಒಡೆದಿದೆ. ಕಂದಾಯ ಜಾಸ್ತಿ ಆಯ್ತು. ರಸ್ತೆ ಇಲ್ಲ. ಅಬ್ಕಾರಿ ಕಂಟ್ರಾಕ್ಟಿನ ಕಾಟ. ಮತ್ತೆ ಕಾಡು. ಕಾಡಿನ ಕಾನೂನು ಬಿಗಿಯಾಗ್ತಿದ್ದ ಕಾಲ ಅದು. ಸೌದೆ, ಸೊಪ್ಪು, ದನ ಮೇಯಿಸೋ ಜಾಗ ಇದೆಲ್ಲ ಮಲೆನಾಡಿನ ಬದುಕು. ಅಮೃತಮಹಲ್ ಕಾವಲುಗಳ ಜಗಳವೂ ಇತ್ತು. ಸರ್ಕಾರದ ದನಕ್ಕೆ ಅಂತ ಮೀಸಲಿಟ್ಟ ಹುಲ್ಲುಗಾವಲಿನ ಪಕ್ಕದಲ್ಲಿ ರೈತನ ದನ ಹಸಿದು ನಿಂತಿರುತ್ತೆ, ಒಳಗೆ ಬಿಟ್ರೆ ದಂಡ. ಅಜ್ಜಂಪುರದ ಕಡೆಯವರಿಗೆ ಇದು ಹೊಸದಾಗಿ ಹೇಳಬೇಕಾದ ವಿಷಯ ಅಲ್ಲ. ಅಮೃತಮಹಲ್ ತಳಿ ಕೇಂದ್ರ ಇವತ್ತೂ ಅಲ್ಲಿದೆ, ಕಾವಲು ಯಾರದ್ದು ಅನ್ನೋ ಮಾತೂ ಇವತ್ತಿಗೂ ಮುಗಿದಿಲ್ಲ.

ಇದನ್ನೆಲ್ಲ ಓದ್ತಾ ಹೋದ್ರೆ ಒಂದು ವಿಷಯ ತಟ್ಟುತ್ತೆ. ಕೂಟದ ರೈತರು 1830ರಲ್ಲಿ ಕೇಳಿದ್ದೂ ಕಂದಾಯದ ವಿಷಯವನ್ನೇ, ದಸರಾ ಸಭೆಯ ರೈತರು ಕೇಳಿದ್ದೂ ಅದನ್ನೇ. ವ್ಯತ್ಯಾಸ ಅಂದ್ರೆ, ಮೊದಲನೆಯವರಿಗೆ ಉತ್ತರ ಕೊಟ್ಟಿದ್ದು ಬಂದೂಕು. ಎರಡನೆಯವರಿಗೆ 'ಪರಿಶೀಲಿಸಲಾಗುವುದು'. ನೀವು ನಗಬಹುದು. ಆ ಪದದ ಸವಕಲು ಎಷ್ಟು ಅಂತ ನಮಗೆಲ್ಲ ಗೊತ್ತು. ಆದರೆ ಬಂದೂಕಿನಿಂದ ಆ ಪದಕ್ಕೆ ಬರೋಕೆ ಐವತ್ತು ವರ್ಷ ಹಿಡಿಯಿತು.

ಹಾಗಂತ ಬಂದವರೆಲ್ಲ ಬಡ ರೈತರು ಅಂದ್ಕೋಬೇಡಿ. ಶೇಷಾದ್ರಿ ಅಯ್ಯರ್ ಕಾಲದಲ್ಲಿ ಸದಸ್ಯತ್ವಕ್ಕೆ ಆಸ್ತಿಯ ಅರ್ಹತೆ ಬಂತು. ದೊಡ್ಡ ಮೊತ್ತದ ಕಂದಾಯ ಕಟ್ಟೋನು, ಇಲ್ಲಾ ಆಸ್ತಿಯ ಜೊತೆ ಪದವಿ ಇರೋನು ಮಾತ್ರ ಒಳಗೆ. 1890ರ ದಶಕದ ಶುರುವಿನಲ್ಲಿ ಚುನಾವಣೆ ಬಂತು ಅಂತ ನಾವು ಹೆಮ್ಮೆಯಿಂದ ಹೇಳ್ತೀವಿ. ಆ ಚುನಾವಣೆಯಲ್ಲಿ ಮತ ಹಾಕಿದ್ದೂ ಆಸ್ತಿ ಇದ್ದವರೇ. ವಕೀಲರು, ವರ್ತಕರು, ದೊಡ್ಡ ಹಿಡುವಳಿಯವರು ಹೆಚ್ಚಾದ್ರು. ಮೊದಲ ವರ್ಷ ಬೋರ್ಡು ಆರಿಸಿ ಕಳಿಸಿದ್ದವರಿಗಿಂತ ಇವರ ಬಾಯಿ ಜೋರು, ಅದು ಒಳ್ಳೇದೇ. ಆದರೆ ಗೇಣಿ ರೈತ, ಕೂಲಿ, ಹೊಲೆ-ಮಾದರ ಕೇರಿಯವರು ಹೊರಗೇ ಉಳಿದ್ರು.

ಹೆಂಗಸರು? 1894ರಲ್ಲಿ ಮೈಸೂರು ಸರ್ಕಾರ ಬಾಲ್ಯವಿವಾಹ ತಡೆಯೋ ಕಾಯ್ದೆ ತಂತು. ಎಂಟು ವರ್ಷ ತುಂಬದ ಹೆಣ್ಣುಮಗುವಿಗೆ ಮದುವೆ ಮಾಡೋ ಹಾಗಿಲ್ಲ. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನ ಮದುವೆ ಆಗೋ ಹಾಗಿಲ್ಲ. ಎಂಟು ವರ್ಷ ಅನ್ನೋ ಅಂಕಿ ಕೇಳಿ ಈಗ ಮೈ ಜುಮ್ಮೆನ್ನುತ್ತೆ, ಆದರೆ ಆ ಕಾಲಕ್ಕೆ ಅಷ್ಟಕ್ಕೇ ದೊಡ್ಡ ಗಲಾಟೆ. ಈ ವಿಷಯ ಪ್ರಜಾಪ್ರತಿನಿಧಿ ಸಭೆಯಲ್ಲೂ ಚರ್ಚೆ ಆಯ್ತು. ಚರ್ಚೆ ಮಾಡಿದ ಕೋಣೆಯಲ್ಲಿ ಇದ್ದವರೆಲ್ಲ ಗಂಡಸರು.

ಅದೇ ವರ್ಷದ ಡಿಸೆಂಬರಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತದಲ್ಲಿ ತೀರಿಕೊಂಡ್ರು, 31 ವರ್ಷಕ್ಕೆ. ಮಗ ನಾಲ್ವಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗ. ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟ್ ಆಗಿ 1895ರಿಂದ 1902ರವರೆಗೆ ರಾಜ್ಯ ನೋಡಿಕೊಂಡ್ರು. ಅಂದ್ರೆ ಆ ಏಳು ವರ್ಷ ದಿವಾನರು ದಸರಾ ಭಾಷಣ ಮಾಡಿದ್ದು ಒಬ್ಬ ಹೆಣ್ಣುಮಗಳ ಆಡಳಿತದ ಪರವಾಗಿ. ಸಭೆಯಲ್ಲಿ ಮಾತ್ರ ಒಬ್ಬ ಹೆಣ್ಣುಮಗಳಿಗೂ ಜಾಗ ಇಲ್ಲ. ಲಂಡನ್ನಿನಲ್ಲೂ ಆಗ ಇದೇ ಕಥೆ. ಸಿಂಹಾಸನ ವಿಕ್ಟೋರಿಯಾದು, ಎರಡೂ ಮನೆಯಲ್ಲಿ ಗಂಡಸರು. ಮೈಸೂರಲ್ಲಿ ಹೆಂಗಸರ ಮತದಾನಕ್ಕಿದ್ದ ಅಡ್ಡಿ ಹೋಗಿದ್ದು 1923ರ ಸುಮಾರಿಗೆ, ಈ ಸಭೆಗೆ ಕಾಯ್ದೆಯ ಬಲ ಬಂದಾಗ. ಅಲ್ಲಿವರೆಗೆ, ಅಂದ್ರೆ ನಲವತ್ತೆರಡು ವರ್ಷ, ಈ ಸಭೆ ನಡೆದಿದ್ದು ಸರ್ಕಾರದ ಆದೇಶ ಮತ್ತು ರೂಢಿಯ ಮೇಲೆ.

ಅಷ್ಟು ಹೊತ್ತಿಗೆ ಸಭೆ ವರ್ಷಕ್ಕೆ ಎರಡು ಸಲ ಸೇರ್ತಿತ್ತು. ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಎರಡನೇ ಅಧಿವೇಶನ ಶುರುವಾಯ್ತು. ಅದು ಮಹಾರಾಜರ ಹುಟ್ಟುಹಬ್ಬದ ಕಾಲಕ್ಕೆ ಬಂತು, ಹೆಸರು ವರ್ಧಂತಿ ಅಧಿವೇಶನ. ನೋಡಿ, ಮೊದಲನೆಯದಕ್ಕೆ ದಸರಾ, ಎರಡನೆಯದಕ್ಕೆ ವರ್ಧಂತಿ. ಎರಡೂ ಅರಮನೆಯ ಹಬ್ಬವೇ. ಹೊಸ ಕಾಯ್ದೆ ಬಂದ ಮೇಲೆ, ಹೊಸ ತೆರಿಗೆ ಹಾಕೋಕೆ ಮುಂಚೆ ಈ ಸಭೆಯನ್ನ ಕೇಳಬೇಕು ಅನ್ನೋ ನಿಯಮ ಬಂತು. ಬಸವಾಪಟ್ಟಣದ ಕೂಟಕ್ಕೆ ಆಗ ತೊಂಬತ್ತಮೂರು ವರ್ಷ.

ಇಪ್ಪತ್ತನೇ ಶತಮಾನದ ಕಥೆ ಉದ್ದ ಇದೆ, ಅದನ್ನ ಇನ್ನೊಂದು ಸಂಚಿಕೆಗೆ ಇಟ್ಕೋತೀನಿ. ಮೂವತ್ತರ, ನಲವತ್ತರ ದಶಕದಲ್ಲಿ ಕಾಂಗ್ರೆಸ್ಸಿನವರು ಈ ಸಭೆಯೊಳಗೆ ಬಂದು ಜವಾಬ್ದಾರಿ ಸರ್ಕಾರ ಬೇಕು ಅಂತ ದಿವಾನರ ಮುಖಕ್ಕೇ ಕೇಳೋಕೆ ಶುರು ಮಾಡಿದ್ರು. ಅವರಲ್ಲಿ ಒಬ್ಬರು ಕೆಂಗಲ್ ಹನುಮಂತಯ್ಯ. 1949ರಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನ ವಿಸರ್ಜಿಸಿದ್ರು. 68 ವರ್ಷದ ಆಯುಸ್ಸು.

ಆಮೇಲೆ ಸಂವಿಧಾನ ಬಂತು, 1952ರಲ್ಲಿ ಎಲ್ಲ ವಯಸ್ಕರೂ ಮತ ಹಾಕಿ ಆರಿಸಿದ ಮೊದಲ ವಿಧಾನಸಭೆ ಬಂತು. ತರೀಕೆರೆಯಲ್ಲೂ, ಹೆಬ್ಬೆ ಕಣಿವೆಯ ತೋಟದ ಲೈನಿನಲ್ಲೂ, ಆಸ್ತಿ ಇರಲಿ ಇಲ್ಲದಿರಲಿ, ಗಂಡಸಾಗಲಿ ಹೆಂಗಸಾಗಲಿ, ಮತ ಇತ್ತು. ಕೆಂಗಲ್ ಹನುಮಂತಯ್ಯ ಮುಖ್ಯಮಂತ್ರಿ. ವಿಧಾನಸೌಧ ಇನ್ನೂ ಕಟ್ಟಿ ಮುಗಿದಿರಲಿಲ್ಲ, ಸದನ ಸೇರ್ತಿದ್ದಿದ್ದು ಈಗ ಹೈಕೋರ್ಟ್ ಇರೋ ಅಠಾರ ಕಚೇರಿಯಲ್ಲಿ. ಮೈಸೂರಿಗೆ ಆಗ ರಾಜ್ಯಪಾಲರು ಇರಲಿಲ್ಲ. ಆ ಸ್ಥಾನದಲ್ಲಿ ರಾಜಪ್ರಮುಖರು ಇದ್ರು, ಎರಡೂ ಸದನಕ್ಕೆ ಭಾಷಣ ಮಾಡೋ ಹೊಣೆ ಸಂವಿಧಾನದ ಪ್ರಕಾರ ಅವರದ್ದು. ಆ ರಾಜಪ್ರಮುಖರು ಯಾರು ಅಂದ್ರೆ, ಜಯಚಾಮರಾಜೇಂದ್ರ ಒಡೆಯರ್, 1881ರ ಆ ಹದಿನೆಂಟರ ಹುಡುಗನ ಮೊಮ್ಮಗ. ಅವತ್ತು ಅಜ್ಜನ ಹೆಸರಲ್ಲಿ ದಿವಾನರು ಮಾತಾಡ್ತಿದ್ರು, ರೈತರು ಕೂತು ಕೇಳ್ತಿದ್ರು. ಈಗ ಮೊಮ್ಮಗನ ಕೈಯಲ್ಲಿ ಇರಬೇಕಾಗಿದ್ದು ಜನ ಆರಿಸಿದ ಮಂತ್ರಿಗಳು ಒಪ್ಪಿದ ಕಾಗದ.

ಇವತ್ತಿಗೆ ಇಷ್ಟು. ಮುಂದಿನ ಸಲ 1899ರ ಆ ಬೀರೂರು–ಶಿವಮೊಗ್ಗ ರೈಲು ಹತ್ತೋಣ. ನಿಮ್ಮ ಮನೆಯಲ್ಲಿ ಅಜ್ಜನೋ ಮುತ್ತಜ್ಜನೋ ದಸರಾ ಸಭೆಗೆ ಹೋದ ಕಥೆ ಯಾರಾದ್ರೂ ಹೇಳ್ತಿದ್ರೆ, ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ.